ಮೀಸೆಯ ಆಚೆ ನಿಂತವರು

ಮೊದಲು ಒಂದೆರಡು ತಾರೀಖು ಹೇಳಿಬಿಡ್ತೀನಿ. 1991ರ ಏಪ್ರಿಲ್ 14, ತಮಿಳರ ಹೊಸ ವರ್ಷದ ದಿನ, ವಿಜಯಕಾಂತ್ ಅವರ ನೂರನೇ ಸಿನಿಮಾ 'ಕ್ಯಾಪ್ಟನ್ ಪ್ರಭಾಕರನ್' ತೆರೆಗೆ ಬಂತು. ಆರ್.ಕೆ. ಸೆಲ್ವಮಣಿ ನಿರ್ದೇಶನ. ಗಂಧದ ಮರ ಕಡಿದು ಆನೆ ಹೊಡೆಯುವ ವೀರಭದ್ರನ್ ಅನ್ನೋನು ಖಳನಾಯಕ. ಅವನನ್ನು ಹಿಡಿಯೋಕೆ ಕಾಡಿಗೆ ಬರುವ ನಾಯಕ ಒಬ್ಬ ಐಎಫ್‌ಎಸ್ ಅಧಿಕಾರಿ. ಸಿನಿಮಾದಲ್ಲಿ ಅಧಿಕಾರಿ ಗೆಲ್ಲುತ್ತಾನೆ. ಅದೇ ವರ್ಷ ಕನ್ನಡದಲ್ಲೂ ದೇವರಾಜ್ ಅಭಿನಯದ ಸಿನಿಮಾ ಬಂತು. ಅದರಲ್ಲಿ ಹೆಸರು ಬದಲಾಯಿಸುವ ಗೋಜಿಗೂ ಹೋಗಲಿಲ್ಲ, ಸೀದಾ 'ವೀರಪ್ಪನ್' ಅಂತಲೇ ಇಟ್ಟರು. ಅದೇ ವರ್ಷ ನವೆಂಬರ್ 10ರಂದು, ನಮ್ಮ ಗೋಪಿನಾಥಂ ಕಡೆ ಕಾಡಿನಲ್ಲಿ, ನಿಜವಾದ ಐಎಫ್‌ಎಸ್ ಅಧಿಕಾರಿ ಪಿ. ಶ್ರೀನಿವಾಸ್ ಅವರನ್ನು ಕೊಂದು ಹಾಕಿದರು. ಅವನು ಶರಣಾಗುತ್ತಾನೆ ಅನ್ನೋ ಮಾತು ನಂಬಿ ಆಯುಧವಿಲ್ಲದೆ ಹೋಗಿದ್ದರು ಅವರು.

ಮುಂದಿನ ತಾರೀಖುಗಳೂ ಇವೆ. 1992ರ ಮೇ ತಿಂಗಳ ಒಂದು ರಾತ್ರಿ ರಾಮಾಪುರ ಪೊಲೀಸ್ ಠಾಣೆ ಮೇಲೆ ದಾಳಿ, ಐದು ಜನ ಪೊಲೀಸರ ಸಾವು. ಅದೇ ವರ್ಷ ಆಗಸ್ಟ್ 14ಕ್ಕೆ ಮಿಣ್ಯಂ ಹತ್ತಿರ ಎಸ್‌ಪಿ ಹರಿಕೃಷ್ಣ, ಸಬ್ ಇನ್‌ಸ್ಪೆಕ್ಟರ್ ಶಕೀಲ್ ಅಹ್ಮದ್ ಮತ್ತು ಜೊತೆಗಿದ್ದ ಪೊಲೀಸರು. 1993ರ ಏಪ್ರಿಲ್ 9ಕ್ಕೆ ಪಾಲಾರ್ ಬಳಿ ನೆಲಬಾಂಬು, 22 ಜನ. 2000ದ ಜುಲೈ 30ಕ್ಕೆ ಗಾಜನೂರಿನಿಂದ ರಾಜ್‌ಕುಮಾರ್ ಅಪಹರಣ. 2002ರ ಆಗಸ್ಟ್ 25ಕ್ಕೆ ಕಾಮಗೆರೆಯಿಂದ ಮಾಜಿ ಸಚಿವ ಎಚ್. ನಾಗಪ್ಪ. ರಾಜಣ್ಣ 108 ದಿನ ಆದಮೇಲೆ ವಾಪಸ್ ಬಂದರು. ನಾಗಪ್ಪನವರು ಬರಲಿಲ್ಲ, ಡಿಸೆಂಬರ್‌ನಲ್ಲಿ ಹೆಣ ಸಿಕ್ಕಿತು.

1991ಕ್ಕೆ ಮೊದಲೂ ಆನೆಗಳು ಸತ್ತಿದ್ದವು, ಮನುಷ್ಯರೂ ಸತ್ತಿದ್ದರು, ಇಲ್ಲ ಅನ್ನಲ್ಲ. ಆದರೆ ನಮ್ಮ ಸೀಮೆಯ ಅತಿ ದೊಡ್ಡ ಸಾವುನೋವುಗಳೆಲ್ಲ ಆಗುವ ಹೊತ್ತಿಗೆ ಎರಡು ಭಾಷೆಯಲ್ಲಿ ಸಿನಿಮಾ ತಯಾರಾಗಿ, ಓಡಿ, ಪೋಸ್ಟರುಗಳು ಮಳೆಗೆ ನೆನೆದು ಕಿತ್ತುಹೋಗಿದ್ದವು. ಇದು ನನಗೆ ಎಷ್ಟೋ ವರ್ಷದಿಂದ ತಲೆ ಕೊರೆಯುವ ವಿಷಯ. ಒಂದು ಊರಿನ ಕತೆ ಊರಿನ ಜನ ಅನುಭವಿಸಿ ಮುಗಿಸೋ ಮೊದಲೇ ಬೇರೆಯವರು ಹೇಳಿ ಮುಗಿಸಿಬಿಟ್ಟರೆ, ಆಮೇಲೆ ಊರಿನವರಿಗೆ ಹೇಳೋಕೆ ಏನು ಉಳಿಯುತ್ತೆ?

ಈಗ್ಯಾಕೆ ಇದೆಲ್ಲ ಅಂದರೆ, ನಾನು ಪಾಠ ಹೇಳುವ ಕಡೆ ಹುಡುಗ ಹುಡುಗಿಯರು ಆಗಾಗ ಕೇಳ್ತಾರೆ. "ಸಾರ್, ನಿಮ್ಮ ಕಡೆದು ಒಳ್ಳೆ ಸಿನಿಮಾ, ಡಾಕ್ಯುಮೆಂಟರಿ ಇದ್ರೆ ಹೇಳಿ. ಕಮರ್ಷಿಯಲ್ ಬೇಡ. ಮನಸ್ಸಿಗೆ ತಟ್ಟೋಂಥದ್ದು." ಐದಾರು ಹೆಸರು ಮೊಬೈಲಿಗೆ ಕಳಿಸಿ ಸುಮ್ಮನಾಗಬಹುದು. ಆದರೆ ಬರೀ ಹೆಸರಿನಿಂದ ಏನೂ ಆಗಲ್ಲ. ಯಾವುದನ್ನು ನೋಡುವಾಗ ಯಾರನ್ನು ಗಮನಿಸಬೇಕು, ಯಾರು ಚೌಕಟ್ಟಿನ ಅಂಚಿನಲ್ಲಿ ನಿಂತಿದ್ದಾರೆ, ಯಾರು ಅಲ್ಲೂ ಇಲ್ಲ ಅಂತ ಹೇಳದಿದ್ದರೆ ಹನೂರಿನವನಾಗಿ ನಾನು ಹೇಳಿದ್ದಕ್ಕೆ ಬೆಲೆ ಏನು? ಅದಕ್ಕೇ ಸ್ವಲ್ಪ ಉದ್ದವಾಗಿ ಬರೀತಿದೀನಿ, ತಾಳ್ಮೆ ಇರಲಿ.

ಹನೂರು ಅಂತ ಬೋರ್ಡಿನ ಮೇಲೆ ಇದೆ. ನಮ್ಮ ಜನ 'ಅನೂರು' ಅಂತಾರೆ. ಇತ್ತೀಚಿನವರೆಗೂ ಕೊಳ್ಳೇಗಾಲ ತಾಲ್ಲೂಕಿನ ಒಳಗೇ ಇದ್ದ ಊರು. ಕೊಳ್ಳೇಗಾಲವೋ, 1956ರ ನವೆಂಬರ್ 1ರವರೆಗೆ ಮೈಸೂರಿನದೇ ಅಲ್ಲ, ಮದರಾಸಿನ ಕೊಯಮತ್ತೂರು ಜಿಲ್ಲೆಗೆ ಸೇರಿದ್ದು. ಹಳೆಯ ತಲೆಗಳಿಗೆ ಕೊಯಮತ್ತೂರೇ ಜಿಲ್ಲಾಕೇಂದ್ರ. ಹಾಗಾಗಿ ನಮ್ಮ ಕಡೆ ತಮಿಳು ಸಿನಿಮಾ ಪರದೇಶದ್ದು ಅಂತ ಯಾವತ್ತೂ ಅನ್ನಿಸಿಲ್ಲ. ಮಾರ್ಟಳ್ಳಿ ಕಡೆ ಹೋದರೆ ಮನೆಮಾತೇ ತಮಿಳು, ಗಡಿ ದಾಟಿ ತಾಳವಾಡಿಗೆ ಹೋದರೆ ಅಲ್ಲಿ ಮನೆಮಾತು ಕನ್ನಡ. ಬೆಟ್ಟದ ಪೋಡುಗಳಲ್ಲಿ ಸೋಲಿಗರ ನುಡಿ. ಒಡೆಯರಪಾಳ್ಯಕ್ಕೆ ಹೋದರೆ ಟಿಬೆಟನ್ನರು, ಮುಸುಕಿನ ಜೋಳದ ಹೊಲದ ನಡುವೆ ಬಣ್ಣದ ಬಾವುಟ. ಇಷ್ಟೂ ಜನರ ಮೇಲೆ ಒಬ್ಬ ಮಾದಪ್ಪ, ಬೆಟ್ಟದ ಮೇಲೆ ಹುಲಿ ಏರಿ ಕೂತಿದ್ದಾನೆ. ಇಂಥ ಸೀಮೆಯನ್ನ ಸಿನಿಮಾ ಒಂದು ಜೊತೆ ಮೀಸೆಗೆ ಇಳಿಸಿಬಿಡ್ತು.

ಮೊದಲ ಎರಡು ಸಿನಿಮಾ ಆದಮೇಲೆ ಅದು ನಿಲ್ಲಲೇ ಇಲ್ಲ. ಅವನು 2004ರ ಅಕ್ಟೋಬರ್ 18ರ ರಾತ್ರಿ ಧರ್ಮಪುರಿ ಜಿಲ್ಲೆಯ ಪಾಪ್ಪಾರಪಟ್ಟಿ ಹತ್ತಿರ ಆಂಬುಲೆನ್ಸಿನಲ್ಲಿ ಸತ್ತ ಮೇಲೂ ನಿಲ್ಲಲಿಲ್ಲ. ತಮಿಳಿನ ಮಕ್ಕಳ್ ಟೀವಿಯಲ್ಲಿ ಗೌತಮನ್ ಅವರ 'ಸಂದನಕಾಡು' ಧಾರಾವಾಹಿ ಬಂತು. 2013ರಲ್ಲಿ ಎ.ಎಂ.ಆರ್. ರಮೇಶ್ ಅವರ 'ಅಟ್ಟಹಾಸ'. ಕಿಶೋರ್ ಅದರಲ್ಲಿ ವೀರಪ್ಪನ್ ಪಾತ್ರ ಮಾಡಿದ್ದರು, ಚೆನ್ನಾಗೇ ಮಾಡಿದ್ದರು. ವೀರಪ್ಪನ್ ಹೆಂಡತಿ ಮುತ್ತುಲಕ್ಷ್ಮಿ ಆ ಸಿನಿಮಾದ ವಿರುದ್ಧ ಕೋರ್ಟಿಗೆ ಹೋದರು. 2016ರ ಜನವರಿ 1ಕ್ಕೆ ರಾಮ್‌ಗೋಪಾಲ್ ವರ್ಮಾ ಅವರ 'ಕಿಲ್ಲಿಂಗ್ ವೀರಪ್ಪನ್', ಅದರಲ್ಲಿ ಪೊಲೀಸ್ ಪಾತ್ರದಲ್ಲಿ ಶಿವರಾಜ್‌ಕುಮಾರ್. ಅಪ್ಪನನ್ನು 108 ದಿನ ಕಾಡಿನಲ್ಲಿಟ್ಟುಕೊಂಡವನನ್ನು ತೆರೆಯ ಮೇಲೆ ಮಗ ಬೇಟೆಯಾಡೋದು. ಆ ಸಿನಿಮಾ ನೋಡುವಾಗ ಯಾರಿಗಾದರೂ ಆ ಸಂಗತಿ ಮರೆಯೋಕೆ ಸಾಧ್ಯವಾ? ನನಗಂತೂ ಆಗಲಿಲ್ಲ. ಕತೆಗಿಂತ ಆ ಒಂದು ಸಂಗತಿಯೇ ಗಂಟಲಲ್ಲಿ ಸಿಕ್ಕಿಹಾಕಿಕೊಂಡಿತ್ತು.

ಈ ಸಿನಿಮಾಗಳಲ್ಲಿ ಯಾವುದು ಒಳ್ಳೇದು, ಯಾವುದು ಕೆಟ್ಟದ್ದು ಅನ್ನೋ ಚರ್ಚೆಗೆ ನಾನು ಇಳಿಯಲ್ಲ. ಎಲ್ಲದರಲ್ಲೂ ಇಬ್ಬರೇ ಇರ್ತಾರೆ: ಅಟ್ಟಿಸಿಕೊಂಡು ಹೋಗೋನು, ಓಡೋನು. ಊರಿನವರು ಬರೋದು ಎರಡೇ ಕೆಲಸಕ್ಕೆ. ಒಂದು, ಸುಳಿವು ಕೊಡೋಕೆ. ಇಲ್ಲ, ಸುಳಿವು ಕೊಟ್ಟಿದ್ದಕ್ಕೆ ಸಾಯೋಕೆ.

ಇಲ್ಲಿ ಒಂದು ಪದದ ಬಗ್ಗೆ ಹೇಳಬೇಕು. ಡಾಕ್ಯುಮೆಂಟರಿಗೆ ಕನ್ನಡದಲ್ಲಿ ಸಾಕ್ಷ್ಯಚಿತ್ರ ಅಂತೀವಿ. ಒಳ್ಳೆ ಪದ. ಆದರೆ ತೊಂಬತ್ತರ ದಶಕದಲ್ಲಿ ನಮ್ಮ ಕಡೆ 'ಸಾಕ್ಷಿ' ಅನ್ನೋದು ಬಾಯಲ್ಲಿ ಆಡಬಾರದ ಮಾತಾಗಿತ್ತು. ಯಾರ ಪರ ಸಾಕ್ಷಿ ಹೇಳಿದರೂ ಇನ್ನೊಬ್ಬರಿಂದ ಕೇಡು. ಕಾಡಿನವರಿಗೆ ಅಕ್ಕಿ ಕೊಟ್ಟರೆ ಒಂದು ಕಡೆಯ ಭಯ, ಕೊಡದಿದ್ದರೆ ಇನ್ನೊಂದು ಕಡೆಯ ಭಯ. ಸಂಜೆ ಆದರೆ ಬಸ್ಸು ವಿರಳ. ರಾತ್ರಿ ನಾಯಿ ಬೊಗಳಿದರೆ ದೀಪ ಆರಿಸೋರು. ಏನು ನೋಡಿದಿರಿ ಅಂತ ಕೇಳಿದರೆ ಎಲ್ಲರದೂ ಒಂದೇ ಉತ್ತರ, "ನಂಗೇನ್ ಗೊತ್ತು ಬುದ್ದಿ, ನಾನ್ ಮನಗಿದ್ದಿ." ಹೀಗೆ ಹತ್ತು ಹದಿನೈದು ವರ್ಷ ಮಲಗಿದ್ದೆ ಅಂತಲೇ ಹೇಳಿಕೊಂಡು ಬಂದ ಜನ ಕ್ಯಾಮೆರಾ ಮುಂದೆ ಕೂತು ಬಾಯಿ ಬಿಡಬೇಕು ಅಂದರೆ ಎಷ್ಟು ಕಾಲ ಬೇಕು?

ಸುಮಾರು ಮೂವತ್ತು ವರ್ಷ ಬೇಕಾಯ್ತು. 2023ರ ಆಗಸ್ಟ್‌ನಲ್ಲಿ ನೆಟ್‌ಫ್ಲಿಕ್ಸ್‌ನಲ್ಲಿ 'ದಿ ಹಂಟ್ ಫಾರ್ ವೀರಪ್ಪನ್' ಬಂತು. ಸೆಲ್ವಮಣಿ ಸೆಲ್ವರಾಜ್ ನಿರ್ದೇಶನ, ನಾಲ್ಕು ಕಂತು. (ಆ ಸೆಲ್ವಮಣಿ ಬೇರೆ, ಈ ಸೆಲ್ವಮಣಿ ಬೇರೆ. 1991ಕ್ಕೂ 2023ಕ್ಕೂ ಒಂದೇ ಹೆಸರು ಬಂದಿದ್ದು ಕಾಕತಾಳೀಯ ಅಷ್ಟೇ.) ನಾನು ಶಿಫಾರಸು ಮಾಡುವ ಮೊದಲನೇದು ಇದು. ಹೆಸರಿನಲ್ಲೇ ಬೇಟೆ ಇದೆ, ಡ್ರೋನಿನಲ್ಲಿ ತೆಗೆದ ಕಾಡಿದೆ, ಎದೆ ಢವಢವ ಅನ್ನಿಸೋ ಸಂಗೀತ ಇದೆ. ಅದನ್ನೆಲ್ಲ ಸಹಿಸಿಕೊಳ್ಳಿ. ಅದರ ನಡುವೆ ಮುತ್ತುಲಕ್ಷ್ಮಿ ಕೂತು ಮಾತಾಡ್ತಾರೆ, ಅವರೆದುರು ಕೂತಂತೆ ಪೊಲೀಸರು, ಅರಣ್ಯದವರು, ಒಂದು ಕಾಲಕ್ಕೆ ಗುಂಪಿನಲ್ಲಿದ್ದವರು ಮಾತಾಡ್ತಾರೆ. ಯಾರನ್ನೂ ಪೂರ್ತಿ ಒಪ್ಪೋಕೆ ಆಗಲ್ಲ, ಯಾರನ್ನೂ ಪೂರ್ತಿ ತಳ್ಳಿಹಾಕೋಕೂ ಆಗಲ್ಲ. ಸಿನಿಮಾಗಳಲ್ಲಿ ಹೆಂಡತಿ ಅಂದರೆ ಒಂದು ಹಾಡು, ಒಂದು ಅಳು. ಇಲ್ಲಿ ಆಕೆ ಒಬ್ಬ ಮನುಷ್ಯಳು. ಗಂಡನನ್ನು ಸಮರ್ಥಿಸಿಕೊಳ್ಳುವಾಗಲೂ ಕೇಳಬೇಕು ಅನ್ನಿಸುತ್ತೆ. ಒಪ್ಪಬೇಕು ಅಂತಲ್ಲ.

ಅದೇ ವರ್ಷ ಡಿಸೆಂಬರಿನಲ್ಲಿ ಜೀ5ರಲ್ಲಿ ತಮಿಳಿನ 'ಕೂಸೆ ಮುನಿಸಾಮಿ ವೀರಪ್ಪನ್' ಬಂತು. ಇದರಲ್ಲಿ ನಕ್ಕೀರನ್ ಗೋಪಾಲ್ ಅವರ ಬಳಿ ಇದ್ದ ಹಳೇ ವೀಡಿಯೋ ಇದೆ, ವೀರಪ್ಪನ್ ತಾನೇ ಕ್ಯಾಮೆರಾ ಮುಂದೆ ಕೂತು ತನ್ನ ಕತೆ ಹೇಳ್ತಾನೆ. ಎರಡನ್ನೂ ನೋಡೋದಾದರೆ ನೆಟ್‌ಫ್ಲಿಕ್ಸಿನದನ್ನು ಮೊದಲು ನೋಡಿ. ಇದು ಅವನ ಬಾಯಿಂದಲೇ ಶುರುವಾಗೋದರಿಂದ ನೋಡುವವರು ಗೊತ್ತಿಲ್ಲದ ಹಾಗೆ ಅವನ ಪಕ್ಕ ಹೋಗಿ ಕೂತುಬಿಡ್ತಾರೆ. ಚೆನ್ನಾಗಿ ಮಾತಾಡೋ ಮನುಷ್ಯ ಅವನು. ಆ ಮಾತಿಗೆ ಸೋತವರ ಪಟ್ಟಿ ಉದ್ದ ಇದೆ, ಶ್ರೀನಿವಾಸ್ ಅವರಿಂದ ಹಿಡಿದು.

ನಮ್ಮ ದೊಡ್ಡವ್ವ ಒಬ್ಬರಿದ್ದಾರೆ, ರಾಮಾಪುರದ ಆಚೆ. ನೆಟ್‌ಫ್ಲಿಕ್ಸಿನ ಸರಣಿಯನ್ನ ಅವರಿಗೆ ನನ್ನ ಮೊಬೈಲಿನಲ್ಲೇ ತೋರಿಸಿದೆ. ಒಂದು ಕಂತು ಪೂರ್ತಿ ಮಾತಾಡದೆ ನೋಡಿದರು. ಆಮೇಲೆ ಕೇಳಿದ್ದು ಒಂದೇ. "ಇದ್ನ ನೋಡಕೆ ದುಡ್ಡು ಕೊಡ್ಬೇಕಾ ಮಗ?" ಹೂಂ ದೊಡ್ಡವ್ವ, ತಿಂಗಳಿಗೆ ಇಷ್ಟು ಅಂತ ಕಟ್ಟಬೇಕು ಅಂದೆ. "ಆಗ ಮಾತಾಡ್ದೆ ಇರಕೆ ದುಡ್ಡು ಕೊಡ್ತಿದ್ರು, ಈಗ ಮಾತಾಡದ್ನ ನೋಡಕೆ ದುಡ್ಡು ಕೊಡ್ಬೇಕು, ಬುಡು" ಅಂದು ಎಲೆಅಡಿಕೆ ಬಾಯಿಗೆ ಹಾಕ್ಕೊಂಡರು.

ಈ ಸಾಕ್ಷ್ಯಚಿತ್ರಗಳನ್ನು ನೋಡುವ ಮೊದಲು ಒಂದು ಇತಿಹಾಸ ಗೊತ್ತಿರಬೇಕು. 1993ರ ಆಚೆಗೆ ಎರಡೂ ರಾಜ್ಯದ ವಿಶೇಷ ಕಾರ್ಯಪಡೆಗಳು ಕಾಡಿಗೆ ಇಳಿದವು. ನೂರಾರು ಜನರನ್ನ ಹಿಡಿದರು. ಟಾಡಾ ಕಾಯ್ದೆ. ಒಮ್ಮೆ ಒಳಗೆ ಹೋದರೆ ಜಾಮೀನು ಇಲ್ಲವೇ ಇಲ್ಲ ಅನ್ನೋ ಥರದ ಕಾನೂನು. ಮೈಸೂರಿನ ಟಾಡಾ ನ್ಯಾಯಾಲಯದ ತೀರ್ಪು ಬಂದಿದ್ದು 2001ರಲ್ಲಿ. ಆರೋಪಿಗಳಲ್ಲಿ ಬಹುಪಾಲು ಜನ ಖುಲಾಸೆ ಆದರು. ಅಷ್ಟು ಹೊತ್ತಿಗೆ ಎಂಟು ವರ್ಷ ಹೋಗಿತ್ತು. ಎಂಟು ವರ್ಷ ಅಂದರೆ ಬಿಟ್ಟು ಹೋದ ಮಗು ನಾಲ್ಕನೇ ಕ್ಲಾಸಿನಲ್ಲಿರುತ್ತೆ. ಪಾಲಾರ್ ಪ್ರಕರಣದಲ್ಲಿ ಶಿಕ್ಷೆಯಾದವರಲ್ಲಿ ನಾಲ್ವರಿಗೆ 2004ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಗಲ್ಲು ವಿಧಿಸಿತು. ಹತ್ತು ವರ್ಷ ಆದಮೇಲೆ, 2014ರ ಜನವರಿ 21ಕ್ಕೆ, ಕ್ಷಮಾದಾನದ ಅರ್ಜಿ ವಿಪರೀತ ತಡವಾಯಿತು ಅನ್ನೋ ಕಾರಣಕ್ಕೆ ಅದೇ ಕೋರ್ಟು ಗಲ್ಲನ್ನು ಜೀವಾವಧಿಗೆ ಇಳಿಸಿತು.

ಇನ್ನೊಂದು 'ವರ್ಕ್‌ಶಾಪ್'. ಈ ಪದ ಕೇಳಿದರೆ ಹೊರಗಿನವರಿಗೆ ಗ್ಯಾರೇಜು ನೆನಪಾಗುತ್ತೆ. ನಮ್ಮ ಕಡೆ ಆ ಕಾಲದವರಿಗೆ ಬೆಟ್ಟದಲ್ಲಿದ್ದ ಶಿಬಿರ ನೆನಪಾಗುತ್ತೆ. ಅಲ್ಲಿ ತಮಗೆ ಕರೆಂಟ್ ಕೊಟ್ಟರು, ಹಿಂಸೆ ಮಾಡಿದರು ಅಂತ ಗಂಡಸರು ಹೆಂಗಸರು ಹೇಳಿಕೆ ಕೊಟ್ಟರು. 1999ರಲ್ಲಿ ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ ನ್ಯಾಯಮೂರ್ತಿ ಎ.ಜೆ. ಸದಾಶಿವ ಅವರ ನೇತೃತ್ವದಲ್ಲಿ ಸಮಿತಿ ಮಾಡಿತು. ಅದರ ವರದಿಯ ಆಧಾರದ ಮೇಲೆ 2007ರಲ್ಲಿ ಆಯೋಗ 89 ಜನರಿಗೆ ಒಟ್ಟು 2.80 ಕೋಟಿ ರೂಪಾಯಿ ಪರಿಹಾರ ಕೊಡಬೇಕು ಅಂತ ಹೇಳಿತು. ಗಡಿಯ ಆಚೆಯ ಸೋಲಿಗರ ಇದೇ ಕಾಲದ ಪಾಡನ್ನು ವಕೀಲ ಬಾಲಮುರುಗನ್ ತಮಿಳಿನಲ್ಲಿ 'ಸೋಳಗರ್ ತೊಟ್ಟಿ' ಅಂತ ಕಾದಂಬರಿ ಮಾಡಿದ್ದಾರೆ. ಪುಸ್ತಕ ಮಾಡಿದ ಕೆಲಸವನ್ನು ಸಿನಿಮಾ ಮಾಡೋಕೆ ಇಪ್ಪತ್ತು ವರ್ಷ ಹಿಂದೆ ಬಿದ್ದಿತ್ತು. ಈಗ ಸಾಕ್ಷ್ಯಚಿತ್ರಗಳಲ್ಲಿ ಒಂದಷ್ಟು ಮುಖಗಳು ಕಾಣಿಸ್ತಿವೆ.

ಇದನ್ನೆಲ್ಲ ಬರೆದರೆ ಕೆಲವರು ಕೇಳ್ತಾರೆ, ಹಾಗಾದರೆ ಸತ್ತ ಪೊಲೀಸರಿಗೆ ಬೆಲೆ ಇಲ್ಲವಾ ಅಂತ. ಯಾಕಿಲ್ಲ? ಹರಿಕೃಷ್ಣ ಅವರಿಗೂ ಮನೆ ಇತ್ತು, ರಾಮಾಪುರದ ಠಾಣೆಯಲ್ಲಿ ಆ ರಾತ್ರಿ ಡ್ಯೂಟಿಯಲ್ಲಿದ್ದವರಿಗೂ ಮನೆ ಇತ್ತು. ನನ್ನ ತಕರಾರು ಸಿನಿಮಾದವರ ಮೇಲೆ. ಸತ್ತ ಪೊಲೀಸರನ್ನೂ ಅವರು ಮನುಷ್ಯರ ಹಾಗೆ ತೋರಿಸಲಿಲ್ಲ, ಕಳ್ಳನ ಕ್ರೌರ್ಯ ಎಷ್ಟು ಅಂತ ಅಳೆಯೋ ಸೇರು ಮಾಡಿಕೊಂಡರು. ಶ್ರೀನಿವಾಸ್ ಅವರ ವಿಷಯದಲ್ಲಿ ಇದು ಎದ್ದು ಕಾಣುತ್ತೆ. ಆಂಧ್ರದಿಂದ ಬಂದ ಮನುಷ್ಯ. ಗೋಪಿನಾಥಂನಲ್ಲೇ ಇದ್ದುಕೊಂಡು ಜನಕ್ಕೆ ಔಷಧಿ ಕೊಡಿಸಿದರು, ಮನೆ ಕಟ್ಟಿಸಿದರು, ಮಾರಮ್ಮನ ಗುಡಿ ಕಟ್ಟಿಸಿದರು. ಕಳ್ಳತನಕ್ಕೆ ಹೋಗೋರನ್ನ ಒಬ್ಬೊಬ್ಬರನ್ನಾಗಿ ಮಾತಾಡಿಸಿ ವಾಪಸ್ ಕರೆದರು. ಬಂದೂಕಿಲ್ಲದೆ ಈ ಕೆಲಸ ಆಗುತ್ತೆ ಅಂತ ನಂಬಿದ್ದರು. ಸರ್ಕಾರ ಮರಣೋತ್ತರ ಕೀರ್ತಿ ಚಕ್ರ ಕೊಟ್ಟಿತು. ಊರಿನವರು ಅವರ ಪಟವನ್ನ ಆ ಗುಡಿಯಲ್ಲೇ ಇಟ್ಟುಕೊಂಡಿದ್ದಾರೆ. ಸಿನಿಮಾದಲ್ಲಿ ಇವರು ಬಂದರೆ ಐದು ನಿಮಿಷ, ಅದರಲ್ಲಿ ಮೂರು ನಿಮಿಷ ಸಾಯೋದು. ಈಗ ಗೋಪಿನಾಥಂನಲ್ಲಿ ಜಂಗಲ್ ಲಾಡ್ಜಸ್‌ನವರ ಶಿಬಿರ ಇದೆ. ಅಲ್ಲಿಗೆ ಹೋಗೋ ಟೂರಿಸ್ಟರು ಮೀಸೆಯವನ ಕತೆ ಕೇಳ್ತಾರೆ. ಹೋದರೆ ನೀವು ಗುಡಿಯನ್ನೂ ಕೇಳಿ.

ಈಗ ನಮ್ಮ ಸೀಮೆಯದ್ದಲ್ಲದ, ಆದರೆ ನಮ್ಮವರನ್ನು ನೆನಪಿಸುವ ಕೆಲವು ಚಿತ್ರಗಳು.

ಮೊದಲನೇದು ವೆಟ್ರಿಮಾರನ್ ಅವರ 'ವಿಸಾರಣೈ', 2015. ಕೊಯಮತ್ತೂರಿನ ಆಟೋ ಡ್ರೈವರ್ ಎಂ. ಚಂದ್ರಕುಮಾರ್ ತಾನು ಅನುಭವಿಸಿದ್ದನ್ನೇ ಬರೆದ 'ಲಾಕಪ್' ಪುಸ್ತಕದಿಂದ ಹುಟ್ಟಿದ್ದು. ಗುಂಟೂರಿನ ಪಾರ್ಕೊಂದರಲ್ಲಿ ಮಲಗೋ ತಮಿಳು ಕೂಲಿ ಹುಡುಗರನ್ನ ಪೊಲೀಸರು ಎತ್ತಾಕ್ಕೊಂಡು ಹೋಗ್ತಾರೆ, ಮಾಡದ ಕಳ್ಳತನ ಒಪ್ಪಿಕೊಳ್ಳಿ ಅಂತ ಹೊಡೀತಾರೆ. ಹೊಡೆತಕ್ಕಿಂತ ನನ್ನನ್ನ ಅಲ್ಲಾಡಿಸಿದ್ದು ಭಾಷೆ. ಠಾಣೆಯವರು ತೆಲುಗಿನಲ್ಲಿ ಕೇಳ್ತಾರೆ, ಇವರಿಗೆ ಅರ್ಥ ಆಗಲ್ಲ, ಅರ್ಥ ಆಗದ್ದಕ್ಕೆ ಇನ್ನೊಂದು ಏಟು. ಗಡಿಯಲ್ಲಿ ಹುಟ್ಟಿದವರಿಗೆ ಇದು ಬಿಡಿಸಿ ಹೇಳಬೇಕಾಗಿಲ್ಲ. ಎರಡು ರಾಜ್ಯದ ಪಡೆ, ಮೂರು ಭಾಷೆಯ ಜನ, ಒಂದು ಕಾಡು. ಯಾವ ಪ್ರಶ್ನೆಗೆ ಯಾವ ಭಾಷೆಯಲ್ಲಿ ತಲೆ ಆಡಿಸಿದರೋ, ಯಾವ ಕಾಗದಕ್ಕೆ ಹೆಬ್ಬೆಟ್ಟು ಒತ್ತಿದರೋ. ವೆನಿಸ್ ಚಿತ್ರೋತ್ಸವದಲ್ಲಿ ಇದಕ್ಕೆ ಆಮ್ನೆಸ್ಟಿಯವರ ಪ್ರಶಸ್ತಿ ಬಂತು. ಒಬ್ಬರೇ ನೋಡಬೇಡಿ, ರಾತ್ರಿ ಹೊತ್ತು ನೋಡಬೇಡಿ.

ಅದರ ಭಾರ ಇಳಿಸಿಕೊಳ್ಳೋಕೆ 'ತಿಥಿ'. ರಾಮ್ ರೆಡ್ಡಿ ನಿರ್ದೇಶನ, ಈರೇಗೌಡರ ಜೊತೆ ಸೇರಿ ಬರೆದದ್ದು, ಮಂಡ್ಯ ಜಿಲ್ಲೆಯ ನೊದೆಕೊಪ್ಪಲಿನಲ್ಲಿ ಅಲ್ಲಿನ ಜನರನ್ನೇ ನಿಲ್ಲಿಸಿ ತೆಗೆದದ್ದು. 2015ರಲ್ಲಿ ಲೊಕಾರ್ನೊದಲ್ಲಿ ಎರಡು ಪ್ರಶಸ್ತಿ. ನೂರಾಒಂದು ವರ್ಷದ ಸೆಂಚುರಿ ಗೌಡ ಸಾಯ್ತಾನೆ, ಮಗ ಗಡ್ಡಪ್ಪನಿಗೆ ಅಪ್ಪನ ಸಾವೂ ಬೇಡ, ಆಸ್ತಿಯೂ ಬೇಡ, ಬ್ರಾಂದಿ ಕುಡ್ಕೊಂಡು ನಡೀತಾ ಇರ್ತಾನೆ. ಇದನ್ನ ನಗುವ ಸಿನಿಮಾ ಅಂತ ಎಲ್ಲರೂ ಹೇಳ್ತಾರೆ. ನಿಜ. ಆದರೆ ಗಡ್ಡಪ್ಪ ತನ್ನ ಕತೆ ಹೇಳೋ ಒಂದು ರಾತ್ರಿ ಇದೆ, ಬೆಂಕಿ ಪಕ್ಕ ಕೂತು. ಅಲ್ಲಿಯವರೆಗೆ ನಕ್ಕಿದ್ದು ಅಲ್ಲಿ ನಿಲ್ಲುತ್ತೆ. ನಮ್ಮ ದಕ್ಷಿಣದ ಹಳ್ಳಿಯ ಮಾತು ತೆರೆಯ ಮೇಲೆ ಜೋಕರಿನ ಬಾಯಿಗೆ ಹೊರತಾಗಿ ಬಂದಿದ್ದು ತೀರಾ ಕಮ್ಮಿ. ಇಲ್ಲಿ ಆ ಮಾತೇ ಊರಿನ ಯಜಮಾನ.

ಉತ್ಸವ್ ಗೋನವಾರ ಅವರ 'ಫೋಟೋ' ನೋಡಿ. ವಿಧಾನಸೌಧದ ಮುಂದೆ ಒಂದು ಫೋಟೋ ತೆಗೆಸಿಕೊಳ್ಳಬೇಕು ಅಂತ ರಾಯಚೂರು ಸೀಮೆಯ ಹುಡುಗ ಬೆಂಗಳೂರಲ್ಲಿ ಕೂಲಿ ಮಾಡೋ ಅಪ್ಪನ ಹತ್ತಿರ ಬರ್ತಾನೆ, ಲಾಕ್‌ಡೌನ್ ಆಗುತ್ತೆ, ಇಬ್ಬರೂ ಊರಿನ ಕಡೆ ನಡೀತಾರೆ. ಕತೆ ಇಷ್ಟೇ. ಹನೂರು ಕಡೆಯಿಂದ ಬೆಂಗಳೂರಿಗೆ, ತಿರುಪ್ಪೂರಿಗೆ, ಕಲ್ಲುಕ್ವಾರಿಗೆ ಗುಳೆ ಹೋದ ಮನೆ ಇಲ್ಲದ ಊರೇ ಇಲ್ಲ. ಇದನ್ನು ನಮ್ಮ ಕಡೆಯ ಹುಡುಗರಿಗೆ ಗೋಡೆ ಮೇಲೆ ಬಿಟ್ಟು ತೋರಿಸಿದಾಗ ಒಬ್ಬ ಹುಡುಗ ಕೇಳಿದ, "ಅವ್ರು ರಾಯಚೂರ್ ಕಡೆಯೋರು ಅಂತ ಗೊತ್ತಾಯ್ತು ಸಾ, ಆದ್ರೆ ಆ ಅಪ್ಪ ನಮ್ ಅಪ್ಪನ್ ಥರನೇ ಚಪ್ಲಿ ಕೈಲಿಡ್ಕತಾನಲ್ಲ?" ವಿಮರ್ಶೆ ಅಂದರೆ ಇದು.

ಕೇಸರಿ ಹರವೂ ಅವರ 'ಭೂಮಿಗೀತ' ಹಳೇದು, 1997ರದ್ದು. ಅಣೆಕಟ್ಟಿಗಾಗಿ ಕಾಡಿನ ಜನ ಎದ್ದು ಹೋಗಬೇಕಾದ ಕತೆ, ಪರಿಸರದ ವಿಭಾಗದಲ್ಲಿ ರಾಷ್ಟ್ರಪ್ರಶಸ್ತಿ ಪಡೆದದ್ದು. ಯಳಂದೂರಿನ ಬಿಳಿಗಿರಿರಂಗನ ಬೆಟ್ಟದ ಸೋಲಿಗರಿಗೆ ಅಣೆಕಟ್ಟು ಬರಲಿಲ್ಲ, 1974ರಲ್ಲಿ ಅಭಯಾರಣ್ಯ ಬಂತು. ಪೋಡುಗಳು ಎದ್ದವು. ಜೇನು, ನೆಲ್ಲಿಕಾಯಿಗೂ ಅನುಮತಿ ಕೇಳೋ ಕಾಲ ಬಂತು. 2006ರ ಅರಣ್ಯ ಹಕ್ಕು ಕಾಯ್ದೆ ಆದಮೇಲೆ 2011ರಲ್ಲಿ ಅಲ್ಲಿನ 25 ಗ್ರಾಮಸಭೆಗಳಿಗೆ ಸಮುದಾಯ ಹಕ್ಕು ಸಿಕ್ಕಿತು. ಇದು ತಲೆಯಲ್ಲಿದ್ದರೆ 'ವೈಲ್ಡ್ ಕರ್ನಾಟಕ' ಬೇರೆ ಥರ ಕಾಣುತ್ತೆ. ಡೇವಿಡ್ ಅಟೆನ್‌ಬರೋ ದನಿಯಲ್ಲಿ ಅದ್ಭುತವಾದ ಚಿತ್ರ, ಮಕ್ಕಳಿಗೆ ಖಂಡಿತ ತೋರಿಸಿ. ಆದರೆ ಅದರ ಕಾಡಿನಲ್ಲಿ ಸೋಲಿಗರ ಬದುಕಿಗೆ ಜಾಗ ಇಲ್ಲ. ಹುಲಿ ಇದೆ, ನೀರುನಾಯಿ ಇದೆ, ಆ ಹುಲಿಯನ್ನ 'ಹುಲಿವೀರಪ್ಪ' ಅಂತ ಪೂಜೆ ಮಾಡೋರು ಇಲ್ಲ. ಅಂದ ಹಾಗೆ ಕೇಸರಿ ಹರವೂ ಅವರು ರೈತರ ದೆಹಲಿ ಹೋರಾಟದ ಮೇಲೆ ಮಾಡಿದ 'ಕಿಸಾನ್ ಸತ್ಯಾಗ್ರಹ'ವನ್ನು 2024ರ ಬೆಂಗಳೂರು ಚಿತ್ರೋತ್ಸವದಲ್ಲಿ ತೋರಿಸೋಕೆ ಕೇಂದ್ರದಿಂದ ಅನುಮತಿ ಸಿಗಲಿಲ್ಲ. ಸಾಕ್ಷಿ ಅನ್ನೋ ಪದದ ಭಯ ನಮ್ಮ ಸೀಮೆಯವರಿಗೆ ಮಾತ್ರ ಇರೋದಲ್ಲ ನೋಡಿ.

ಕೊನೇದು ಇಪ್ಪತ್ತೈದೇ ನಿಮಿಷದ್ದು, ಒಡೆಯರಪಾಳ್ಯದ ನೆರೆಹೊರೆಯವರ ಸಲುವಾಗಿ. 'ಲೀವಿಂಗ್ ಫಿಯರ್ ಬಿಹೈಂಡ್'. ಧೋಂಡುಪ್ ವಾಂಗ್ಚೆನ್ ಅನ್ನೋ ಟಿಬೆಟನ್ ರೈತ, ಸಿನಿಮಾ ಕಲಿತವನೇನಲ್ಲ. ಬೀಜಿಂಗ್ ಒಲಿಂಪಿಕ್ಸಿಗೆ ಮೊದಲು, 2007ರ ಕೊನೆಯಿಂದ 2008ರ ಮಾರ್ಚ್‌ವರೆಗೆ, ಟಿಬೆಟ್ಟಿನ ಒಳಗೇ ಓಡಾಡಿ 108 ಜನರನ್ನ ಮಾತಾಡಿಸಿದ. ಟೇಪುಗಳು ದೇಶದ ಹೊರಗೆ ತಲುಪಿದವು, ಅವನು ಜೈಲಿಗೆ ಹೋದ, ಆರು ವರ್ಷ. ಅದರಲ್ಲಿ ಕ್ಯಾಮೆರಾ ಅಲ್ಲಾಡುತ್ತೆ, ಬೆಳಕು ಸರಿ ಇಲ್ಲ. ಮಾತಾಡುವವರಲ್ಲಿ ಹಲವರು ಮುಖ ಮುಚ್ಚಿಕೊಳ್ಳದೆ ಮಾತಾಡ್ತಾರೆ. ಮೂವತ್ತು ವರ್ಷ ಮಲಗಿದ್ದೆ ಅಂತ ಹೇಳಿಕೊಂಡು ಬಂದ ಸೀಮೆಯಿಂದ ಬಂದ ನಾನು ಆ ಮುಖಗಳನ್ನ ಮತ್ತೆ ಮತ್ತೆ ನಿಲ್ಲಿಸಿ ನೋಡಿದೀನಿ. ಒಡೆಯರಪಾಳ್ಯದಲ್ಲಿ ಸ್ವೆಟರ್ ಹೊದ್ದು ಕೂತ ಅಜ್ಜಂದಿರನ್ನ ಎಷ್ಟೋ ಸಲ ದಾಟಿ ಹೋಗಿದ್ದೆ, ಈ ಚಿತ್ರ ನೋಡಿದ ಮೇಲೆ ನಿಂತು ನಮಸ್ಕಾರ ಹೇಳೋದು ಅಭ್ಯಾಸ ಆಗಿದೆ.

ಇವು ಯಾವುವೂ ನಮ್ಮ ಕಡೆಯ ಥಿಯೇಟರಿಗೆ ಬಂದಿದ್ದು ನಾನು ಕಾಣೆ. ಒಂದು ಪ್ರೊಜೆಕ್ಟರು, ಸುಣ್ಣ ಬಳಿದ ಗೋಡೆ, ಕರೆಂಟು ಇದ್ದರೆ ಆಯ್ತು. ಮುಗಿದ ತಕ್ಷಣ ಭಾಷಣ ಮಾಡಬೇಡಿ, ಟೀ ಕೊಡಿ. ಮಾತು ತಾನಾಗೇ ಬರುತ್ತೆ.

ಕೇಳಿದವರಿಗೆ ಇನ್ನೊಂದು ಹೇಳ್ತೀನಿ, ಅದು ಸಿನಿಮಾ ಅಲ್ಲ. ಶಿವರಾತ್ರಿ ಹೊತ್ತಿಗೆ ಬೆಟ್ಟದ ಕಡೆ ಬಂದರೆ ಕಂಸಾಳೆಯವರು, ದೇವರ ಗುಡ್ಡರು ರಾತ್ರಿಯಿಡೀ ಮಾದಪ್ಪನ ಕತೆ ಹಾಡ್ತಾರೆ. ಅದರಲ್ಲಿ 'ಸಂಕಮ್ಮನ ಸಾಲು' ಅಂತ ಬರುತ್ತೆ. ಸೋಲಿಗರ ನೀಲೇಗೌಡ ಜೇನು, ಬೇಟೆ ಅಂತ ಕಾಡಿಗೆ ಹೋಗೋ ಮೊದಲು ಹೆಂಡತಿ ಸಂಕಮ್ಮನನ್ನ ಭಾಷೆ ಕೊಡು ಅಂತ ಹಿಡಿದು ಹಿಂಸೆ ಮಾಡ್ತಾನೆ, ಆಕೆ ಕೊಡಲ್ಲ. ಕಾಡಿಗೆ ಹೋದ ಗಂಡಸು ಏನೇನು ಹೊಡೆದ ಅನ್ನೋದನ್ನ ಹಾಡು ಬೇಗ ಮುಗಿಸಿಬಿಡುತ್ತೆ, ಗುಡಿಸಲಿನಲ್ಲಿ ಉಳಿದ ಹೆಂಗಸಿನ ಹತ್ತಿರ ಗಂಟೆಗಟ್ಟಲೆ ಕೂರುತ್ತೆ. ಮಾದಪ್ಪ ಬರೋದೂ ಆಕೆಯ ಬಾಗಿಲಿಗೇ. ನಮ್ಮ ಕಾಡಿನ ಕತೆಯನ್ನ ಹೇಗೆ ಹೇಳಬೇಕು ಅನ್ನೋದು ನಮ್ಮ ಹಾಡುಗಾರರಿಗೆ ಯಾವತ್ತೋ ಗೊತ್ತಿತ್ತು. 1991ರಲ್ಲಿ ಬಂದವರು ಅವರನ್ನ ಒಂದು ಮಾತು ಕೇಳಲಿಲ್ಲ.

ಯಾರಾದರೂ ಹೊಸ ಹುಡುಗರು ಸಿನಿಮಾ ಮಾಡೋರಿದ್ದರೆ ನನ್ನ ಹತ್ತಿರ ಒಂದು ಐಡಿಯಾ ಇದೆ, ಫ್ರೀಯಾಗೇ ತಗೊಳ್ಳಿ. ಆ ಎಂಟು ವರ್ಷ ಟಾಡಾ ಕೈದಿಗಳ ಮನೆಯವರು ಮೈಸೂರಿಗೆ ಹೋಗಿ ಬರಬೇಕಿತ್ತು. ಬೆಳಗಿನ ಮೊದಲನೇ ಬಸ್ಸು, ಹನೂರು, ಕೊಳ್ಳೇಗಾಲ, ತಿ. ನರಸೀಪುರ, ಮೈಸೂರು. ಬಂದೂಕು ಬೇಡ, ಡ್ರೋನು ಬೇಡ, ಮೀಸೆಯಂತೂ ಬೇಡವೇ ಬೇಡ. ಕ್ಯಾಮೆರಾ ಆ ಬಸ್ಸಿನ ಹಿಂದಿನ ಸೀಟಿನಲ್ಲಿ ಕೂರಲಿ. ಮುಂದಿನ ಸೀಟಿನಲ್ಲಿ ಒಬ್ಬಳು ಹೆಂಗಸು, ಮಡಿಲಲ್ಲಿ ನಿದ್ದೆಗಣ್ಣಿನ ಮಗು, ಕಾಲಬುಡದಲ್ಲಿ ಬುತ್ತಿ. ಕಂಡಕ್ಟರು ಬಂದು ಎಲ್ಲಿಗಮ್ಮ ಅಂತಾನೆ. ಆಕೆ ಮೈಸೂರು ಅಂತಾಳೆ. ಮೈಸೂರಲ್ಲಿ ಎಲ್ಲಿ ಅಂತ ಅವನು ಕೇಳಲ್ಲ, ಟಿಕೆಟ್ ಹರಿದು ಕೊಟ್ಟು ಮುಂದಕ್ಕೆ ಹೋಗ್ತಾನೆ.